ಮರಿ ಹಚ್ಚುವುದು

ಕುರಿಯ ಎಲುಬು ಯಾವುದು, ಆಡಿನ ಎಲುಬು ಯಾವುದು ಎಂದು ಹೇಳುವುದು ಬಲು ಕಷ್ಟವಂತೆ. ಬದುಕಿದ್ದಾಗ ಒಂದಕ್ಕೆ ಉಣ್ಣೆ, ಇನ್ನೊಂದಕ್ಕೆ ಗಡ್ಡ. ಒಂದು ತಲೆ ತಗ್ಗಿಸಿ ಹಿಂಡಿನ ಹಿಂದೆ ನಡೆಯುತ್ತದೆ, ಇನ್ನೊಂದು ಕಂಡ ಕಂಡ ಗಿಡಕ್ಕೆ ಕಾಲು ಕೊಟ್ಟು ನಿಲ್ಲುತ್ತದೆ. ಸತ್ತು ಏಳು ಸಾವಿರ ವರ್ಷ ಮಣ್ಣಿನಲ್ಲಿ ಮಲಗಿದ ಮೇಲೆ ಮಾತ್ರ ಎರಡೂ ಅಕ್ಕತಂಗಿಯರ ಹಾಗೆ ಕಾಣುತ್ತವೆ. ಇದನ್ನು ನಾನು ಕಲಿತದ್ದು ಒಂಬತ್ತನೆಯ ವಯಸ್ಸಿನಲ್ಲಿ, ಅಲ್ ಐನ್ ಕಡೆಯ ಒಂದು ಬೋಳುಗುಡ್ಡದ ಬುಡದಲ್ಲಿ, ತಗಡಿನ ಶೆಡ್ಡೊಂದರ ಮೇಜಿನ ಮುಂದೆ ನಿಂತು. ಎಲುಬುಗಳ ಮೇಲೆ ನನಗೇನೂ ಪ್ರೀತಿ ಇರಲಿಲ್ಲ. ಆ ವರ್ಷ ನನಗೆ ಯಾವುದರ ಮೇಲೂ ಪ್ರೀತಿ ಇರಲಿಲ್ಲ.

ಅಪ್ಪ ಸರ್ವೇಯರ್. ಗದಗ ಕಡೆಯ ಕುರುಬರ ಮನೆತನ. ಅವನ ಅಜ್ಜ ಕುರಿ ಬಿಟ್ಟು ಹೊಲ ಹಿಡಿದ, ಅಪ್ಪ ಹೊಲ ಬಿಟ್ಟು ಮೂರು ಕಾಲಿನ ಸ್ಟ್ಯಾಂಡು ಹಿಡಿದ. ಎರಡು ಸಾವಿರದ ಇಸವಿಯ ಆಚೀಚೆ ನಾವು ದುಬೈಯ ಅಲ್ ನಹ್ದಾದಲ್ಲಿದ್ದೆವು. ನಮ್ಮ ಬಾಲ್ಕನಿಯ ಆಚೆ ಶಾರ್ಜಾ, ಈಚೆ ದುಬೈ, ನಡುವೆ ಇನ್ನೂ ಯಾರೂ ಕಟ್ಟದ ಮರಳಿನ ಜಾಗ. ಚಳಿಗಾಲ ಬಂತೆಂದರೆ ಆ ಬೋಳುಗುಡ್ಡದ ಹತ್ತಿರ ಪರದೇಶದ ಪಂಡಿತರು ಬಂದು ಹಳೆಯ ಕಾಲದ ನೆಲ ಅಗೆಯುತ್ತಿದ್ದರು. ಅಲ್ಲಿ ಹಗ್ಗ ಎಳೆದು ಚೌಕ ಹಾಕಿ ಮಟ್ಟ ನೋಡಲು ಕಂಪನಿ ತನ್ನ ಕಾರು ಕೊಟ್ಟು ಅಪ್ಪನನ್ನು ಕಳಿಸುತ್ತಿತ್ತು. ಶುಕ್ರವಾರ ಅಗೆಯುವವರಿಗೆ ರಜೆ, ಯಾರ ಕಾಲೂ ಹಗ್ಗಕ್ಕೆ ಅಡ್ಡ ಬರುವುದಿಲ್ಲ ಎಂದು ಅಪ್ಪ ಶುಕ್ರವಾರವೇ ಹೋಗುತ್ತಿದ್ದ. ಹೋಗುವಾಗ ನಮ್ಮಿಬ್ಬರನ್ನೂ ಕರೆದುಕೊಂಡು ಹೋಗುತ್ತಿದ್ದ. ಮನೆಯಲ್ಲಿ ನಮ್ಮಿಬ್ಬರನ್ನೇ ಬಿಟ್ಟು ಹೋಗಲು ಅವನಿಗೆ ಧೈರ್ಯವಿರಲಿಲ್ಲ.

ಇಬ್ಬರು ಎಂದರೆ ನಾನು ಮತ್ತು ಚಿಗವ್ವ. ನನ್ನ ಮಮ್ಮಿ ತೀರಿಕೊಂಡು ವರ್ಷದ ಮೇಲಾಗಿತ್ತು. ಮಮ್ಮಿ ಹುಬ್ಬಳ್ಳಿಯ ಪೇಟೆಯಲ್ಲಿ ಬೆಳೆದವಳು, ಇಂಗ್ಲಿಷಿನಲ್ಲಿ ಬೈಯುತ್ತಿದ್ದಳು, ಇಂಗ್ಲಿಷಿನಲ್ಲೇ ಮುದ್ದು ಮಾಡುತ್ತಿದ್ದಳು. ಅವಳು ಹೋದ ಮೇಲೆ ಅಪ್ಪ ಊರಿಗೆ ಹೋಗಿ ಚಿಗವ್ವನನ್ನು ಮದುವೆಯಾಗಿ ಬಂದ. ಚಿಗವ್ವನ ತವರಿನವರು ಇನ್ನೂ ಕುರಿ ಬಿಟ್ಟಿರಲಿಲ್ಲ. ದೀಪಾವಳಿ ಆಯಿತೆಂದರೆ ಹಿಂಡು ಹೊಡೆದುಕೊಂಡು ಊರೂರು ತಿರುಗುವ ಜನ. ಬಿಡಾರದಲ್ಲಿ ಎಳೆಯ ಮರಿಗಳನ್ನು ನೋಡಿಕೊಳ್ಳುವುದು ಅವಳ ಕೆಲಸವಾಗಿತ್ತಂತೆ. ಅವಳಿಗೂ ಇದು ಎರಡನೆಯ ಮದುವೆ. ಮೊದಲನೆಯದರಲ್ಲಿ ಒಂದು ಹೆಣ್ಣುಕೂಸು ಹುಟ್ಟಿ, ಹಲ್ಲು ಬರುವ ಮೊದಲೇ ಹೋಗಿಬಿಟ್ಟಿತ್ತು, ಅದರ ಹಿಂದೆಯೇ ಗಂಡನೂ ಅವಳನ್ನು ತವರಿಗೆ ಬಿಟ್ಟು ಹೋಗಿದ್ದ. ವೀಸಾ ಆಗಿ ಅವಳನ್ನು ಕರೆತರಲು ಹೋಗುವಾಗ ಇದನ್ನು ಅಪ್ಪ ನನಗೆ ಏರ್‌ಪೋರ್ಟಿನ ದಾರಿಯಲ್ಲಿ ಹೇಳಿದ. ನನಗೇನು, ನಾನು ಕಿಟಕಿಯ ಹೊರಗೆ ನೋಡಿದೆ.

ಅವಳು ಬಂದಿಳಿದದ್ದು ಒಂದು ತಗಡಿನ ಟ್ರಂಕು, ಒಂದು ಗಂಟು ಕಟಕ ರೊಟ್ಟಿ, ಒಂದು ಡಬ್ಬಿ ಶೇಂಗಾ ಚಟ್ನಿ ಮತ್ತು ಒಂದು ಕರಿಯ ಕಂಬಳಿಯೊಡನೆ. ದುಬೈಗೆ ಕಂಬಳಿ. ಟ್ಯಾಕ್ಸಿಯವನೂ ನಕ್ಕ. ಆದರೆ ನಮ್ಮ ಮನೆಯ ಎ.ಸಿ.ಗೆ ರಿಮೋಟಿನ ಮಾತು ಕೇಳುವ ಅಭ್ಯಾಸವಿರಲಿಲ್ಲ, ಒಂದು ವಾರದೊಳಗೆ ಅಪ್ಪ ಅದೇ ಕಂಬಳಿಯೊಳಗೆ ಕಾಲು ತೂರಿಸಿ ಮಲಗತೊಡಗಿದ. ಟ್ರಂಕು ಬಿಚ್ಚುವಾಗ ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಎಲ್ಲಕ್ಕಿಂತ ಕೆಳಗೆ ಒಂದು ಕುಂಚಿಗೆ ಇತ್ತು. ನಮ್ಮ ಕಡೆ ಹಸುಗೂಸಿಗೆ ಹಾಕುವ ಟೊಪ್ಪಿಗೆ ಅದು, ತಲೆಯ ಮೇಲಿಂದ ಬೆನ್ನಿನ ಉದ್ದಕ್ಕೂ ಇಳಿಬೀಳುತ್ತದೆ. ಖಣದ ಬಟ್ಟೆಯದು, ಅಂಚಿಗೆ ಕೆಂಪು ಗೊಂಡೆ. ಏನಿದು ಎಂದು ಇಂಗ್ಲಿಷಿನಲ್ಲಿ ಕೇಳಿದೆ. ಅವಳು ಅದರ ಮೇಲೆ ಸೀರೆ ಹೇರಿ ಟ್ರಂಕು ಮುಚ್ಚಿದಳು. ಆಮೇಲೆ ಒಂದು ಮಧ್ಯಾಹ್ನ ಅವಳು ಅದನ್ನು ಮುಖಕ್ಕೆ ಒತ್ತಿಕೊಂಡು ಮಂಚದ ಅಂಚಿನಲ್ಲಿ ಕುಳಿತದ್ದನ್ನು ನೋಡಿದೆ. ನಾನು ಸದ್ದು ಮಾಡದೆ ಹಿಂದಕ್ಕೆ ಬಂದೆ.

ಅವಳು ಕೆಟ್ಟವಳೇನಲ್ಲ. ಊಟಕ್ಕೆ ಹಾಕುತ್ತಿದ್ದಳು, ಶಾಲೆಯ ಬಟ್ಟೆಗೆ ಇಸ್ತ್ರಿ ಹಾಕುತ್ತಿದ್ದಳು, ಬೆಳಿಗ್ಗೆ ಎರಡು ಜಡೆ ಹೆಣೆಯುತ್ತಿದ್ದಳು. ಆದರೆ ಜಡೆ ಹೆಣೆಯುವಾಗ ತೋಳು ಉದ್ದಕ್ಕೆ ಚಾಚಿ, ಮುಖವನ್ನು ಆಚೆ ತಿರುಗಿಸಿಕೊಂಡು ಹೆಣೆಯುತ್ತಿದ್ದಳು. ನನ್ನ ತಲೆಯ ಎಣ್ಣೆ ಅವಳಿಗೆ ನಾರುತ್ತದೆ ಎಂದುಕೊಂಡೆ. ಬೇಕೆಂದೇ ಇನ್ನಷ್ಟು ಎಣ್ಣೆ ಸುರಿದುಕೊಂಡೆ. ನಾನು ಅವಳೊಡನೆ ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದೆ, ಅವಳಿಗೆ ಅದು ತಿಳಿಯುವುದಿಲ್ಲ ಎಂಬ ಒಂದೇ ಕಾರಣಕ್ಕೆ.

ಹೀಗಿರುವಾಗ ಮಮ್ಮಿಯ ಸ್ವೆಟರಿನ ರಾದ್ಧಾಂತವಾಯಿತು. ಮಮ್ಮಿಗೆ ಒಂದು ನೇರಳೆ ಬಣ್ಣದ, ಗುಂಡಿ ಇರುವ ಸ್ವೆಟರ್ ಇತ್ತು, ಸೂಪರ್ ಮಾರ್ಕೆಟಿನ ಥಂಡಿಗೆ ಹಾಕಿಕೊಳ್ಳುತ್ತಿದ್ದಳು. ಅವಳು ಹೋದ ಮೇಲೆ ನಾನು ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಬಾಯಿಗೆ ರಬ್ಬರ್ ಬ್ಯಾಂಡ್ ಬಿಗಿದು ನನ್ನ ಕಪಾಟಿನ ಮೂಲೆಯಲ್ಲಿಟ್ಟಿದ್ದೆ. ಮಮ್ಮಿ ಬೇಕೆನಿಸಿದಾಗ ಬಾಯಿ ಬಿಚ್ಚಿ ಒಂದೇ ಒಂದು ಸಲ ಮೂಸಿ, ಥಟ್ಟನೆ ಕಟ್ಟಿಬಿಡುತ್ತಿದ್ದೆ. ಹೆಚ್ಚು ಹೊತ್ತು ತೆರೆದಿಟ್ಟರೆ ವಾಸನೆ ಖಾಲಿಯಾಗುತ್ತದಲ್ಲ. ಅಷ್ಟು ಜುಗ್ಗತನದಿಂದ ಕೂಡಿಟ್ಟಿದ್ದೆ. ಒಂದು ದಿನ ಶಾಲೆಯ ಬಸ್ಸಿನಿಂದಿಳಿದು ಬಾಗಿಲು ಬಡಿದರೆ, ಬಾಗಿಲು ತೆರೆದ ಚಿಗವ್ವನ ಮೈಮೇಲೆ ಅದೇ ಸ್ವೆಟರ್. ಇಳಕಲ್ ಸೀರೆಯ ಮೇಲೆ, ಕುತ್ತಿಗೆಯವರೆಗೂ ಗುಂಡಿ ಹಾಕಿಕೊಂಡು, ಎರಡೂ ಕೈ ನನ್ನ ಕಡೆ ಚಾಚಿ ನಿಂತಿದ್ದಳು. ತೋಳು ಅವಳಿಗೆ ಗಿಡ್ಡವಾಗಿ ಮೊಣಕೈ ಕೆಳಗೇ ನಿಂತಿತ್ತು. ಮುಖದ ತುಂಬ ಒಂದು ನಗೆ, ಹಬ್ಬಕ್ಕೆ ಹೊಸ ಬಟ್ಟೆ ಹಾಕಿಕೊಂಡವರ ನಗೆ.

ನಾನು ಕೂಗಿದ ಕೂಗಿಗೆ ಎದುರಿನ ಫ್ಲ್ಯಾಟಿನ ಮಂಗಳೂರಿನವರು ಬಾಗಿಲು ತೆರೆದರು. ಬಿಚ್ಚು, ಬಿಚ್ಚು, ಅದು ನಿನ್ನದಲ್ಲ ಎಂದು ಇಂಗ್ಲಿಷಿನಲ್ಲೇ ಅರಚಿದೆ. ಅಂದು ಅವಳಿಗೆ ಇಂಗ್ಲಿಷ್ ಚೆನ್ನಾಗಿ ತಿಳಿಯಿತು. ಬಿಚ್ಚಿ ಕೊಟ್ಟಳು. ಮೂಸಿ ನೋಡಿದರೆ ಒಗ್ಗರಣೆ, ಜೋಳದ ಹಿಟ್ಟು, ಬೆವರು, ಎಲ್ಲ ಇತ್ತು. ಮಮ್ಮಿ ಎಲ್ಲೋ ತಳದಲ್ಲಿ ಒಂದು ಚೂರು ಉಳಿದಿದ್ದಳು. ಈಗಲೂ ಹೇಳುತ್ತೇನೆ, ನಾನು ಕೂಗಿದ್ದು ಸರಿ. ಇನ್ನೊಂದು ಸಲ ಒಂಬತ್ತು ವರ್ಷದವಳಾದರೆ ಇನ್ನೂ ಜೋರಾಗಿ ಕೂಗುತ್ತೇನೆ. ಅವಳು ಯಾಕೆ ಹಾಗೆ ಮಾಡಿದಳೆಂದು ಅಪ್ಪನೂ ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಅಂದು ಊಟವಾದ ಮೇಲೆ ಅಪ್ಪ ತಟ್ಟೆಯ ಮುಂದೆಯೇ ಕುಳಿತು ತೀರ್ಪು ಕೊಟ್ಟ. ದನಿ ಏರಿಸಲಿಲ್ಲ, ಅದೇ ನನಗೆ ಭಯವಾದದ್ದು. ಮಾರ್ಚಿಗೆ ಶಾಲೆಯ ವರ್ಷ ಮುಗಿಯುತ್ತದೆ, ಅಷ್ಟರೊಳಗೆ ಇವರಿಬ್ಬರಿಗೆ ಹೊಂದಿಕೆಯಾದರೆ ಸರಿ, ಇಲ್ಲವಾದರೆ ಟಿ.ಸಿ. ತೆಗೆಸಿ ಹುಬ್ಬಳ್ಳಿಯ ಅಜ್ಜಿಯ ಹತ್ತಿರ ಬಿಟ್ಟು ಬರುವುದು, ಅಲ್ಲಿಯೂ ಒಳ್ಳೆಯ ಶಾಲೆಗಳಿವೆ ಎಂದ. ನನಗೆ ಚಿಗವ್ವ ಬೇಡವಾಗಿದ್ದಳು, ಮನೆ ಬೇಕಾಗಿತ್ತು. ಮಮ್ಮಿ ಲಿಪ್‌ಸ್ಟಿಕ್ ಸರಿ ಮಾಡಿಕೊಳ್ಳುತ್ತಿದ್ದ ಲಿಫ್ಟಿನ ಕನ್ನಡಿ ಇದ್ದದ್ದು ಈ ಬಿಲ್ಡಿಂಗಿನಲ್ಲಿ, ಹುಬ್ಬಳ್ಳಿಯಲ್ಲಲ್ಲ. ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ. ಚಿಗವ್ವ ಪಾತ್ರೆ ತೊಳೆಯುತ್ತಿದ್ದಳು. ಅವಳೂ ಅಳುತ್ತಿದ್ದಳೋ ಏನೋ, ಎರಡೂ ನಲ್ಲಿ ಒಟ್ಟಿಗೇ ಹರಿಯುತ್ತಿದ್ದವು.

ಆಮೇಲೆ ಬಂದ ಶುಕ್ರವಾರವೇ ನಾವು ಬೋಳುಗುಡ್ಡಕ್ಕೆ ಹೋದದ್ದು. ಬೆಳಗಿನ ಮಬ್ಬಿನಲ್ಲಿ ಹೊರಟೆವು. ಮುಹೈಸ್ನಾದ ಕೂಲಿಕಾರರ ಕ್ಯಾಂಪುಗಳ ಮುಂದೆ ರಜೆಯ ಗಂಡಸರು ಬಕೆಟ್ಟಿನಲ್ಲಿ ಬಟ್ಟೆ ನೆನೆಹಾಕಿ ಬಿಸಿಲು ಕಾಯುತ್ತ ಕುಳಿತಿದ್ದರು. ಆಮೇಲೆ ಊರು ಮುಗಿಯಿತು. ಹಿಂದಿನ ಸೀಟಿನಲ್ಲಿ ಮಲಗಿ ಕಿಟಕಿಯಲ್ಲಿ ಮೇಲೆ ನೋಡುತ್ತಿದ್ದರೆ ಆಕಾಶ ಮಾತ್ರ, ಆಕಾಶಕ್ಕೆ ಅಂಟಿದ ಲೈಟ್ ಕಂಬಗಳು ಮಾತ್ರ. ಅರ್ಧ ನಿದ್ದೆ, ಅರ್ಧ ಎಚ್ಚರ. ಮುಂದೆ ಅಪ್ಪ ಹೇಳುತ್ತಿದ್ದ, ಚಿಗವ್ವ ಹೂಂಗುಟ್ಟುತ್ತಿದ್ದಳು. ಇಲ್ಲೆಲ್ಲ ಆಗ ಮಳೆ ಬೀಳುತ್ತಿತ್ತಂತೆ, ಮೊಣಕಾಲೆತ್ತರ ಹುಲ್ಲಿತ್ತಂತೆ. ಆ ಕಾಲದ ಜನ ಚಳಿಗಾಲವೆಲ್ಲ ಸಮುದ್ರದ ದಂಡೆಯಲ್ಲಿದ್ದು ಮೀನು, ಚಿಪ್ಪು ತಿಂದು, ಮಳೆ ಬಿದ್ದು ಹುಲ್ಲು ಚಿಗುರಿದಾಗ ಕುರಿ ಆಡು ಹೊಡೆದುಕೊಂಡು ಗುಡ್ಡದ ಬುಡಕ್ಕೆ ಬರುತ್ತಿದ್ದರಂತೆ, ಬಿಸಿಲು ಏರಿದರೆ ಇನ್ನೂ ಮೇಲಕ್ಕೆ ಹೋಗುತ್ತಿದ್ದರಂತೆ. ಹಾಗಾದರೆ ನಮ್ಮ ಹಾಗೇನೇ ಎಂದಳು ಚಿಗವ್ವ. ನಾನು ಕಣ್ಣು ಮುಚ್ಚಿದೆ. ಕಾರಿನ ಎರಡೂ ಬದಿಗೆ ಹಿಂಡು ಹರಿಯುತ್ತಿತ್ತು, ಗೊರಸಿನ ಸದ್ದು ಟೈರಿನ ಸದ್ದಿನೊಳಗೆ ಬೆರೆತಿತ್ತು, ಯಾರೋ ಹೆಂಗಸು ಮರಿಯೊಂದನ್ನು ಕಂಕುಳಲ್ಲಿ ಇರುಕಿಕೊಂಡು ನಮ್ಮ ಜೊತೆಜೊತೆಗೇ ನಡೆಯುತ್ತಿದ್ದಳು. ಅವಳ ಮುಖ ಕಾಣಲಿಲ್ಲ. ಎಚ್ಚರವಾದಾಗ ಗುಡ್ಡ ಬಂದಿತ್ತು.

ಅಪ್ಪ ಸ್ಟ್ಯಾಂಡು ಹೆಗಲಿಗೇರಿಸಿಕೊಂಡು ಚೌಕಗಳ ಕಡೆ ನಡೆದ. ನಮ್ಮನ್ನು ಶೆಡ್ಡಿನಲ್ಲಿ ಬಿಟ್ಟ. ಅಲ್ಲಿ ಎಲುಬಿನ ಮೇಡಂ ಇದ್ದರು. ಯಾವುದೋ ಥಂಡಿ ದೇಶದವರು, ಅರವತ್ತರ ಹತ್ತಿರ, ಮೂಗಿನ ಮೇಲೆ ಯಾವಾಗಲೂ ಸುಲಿದ ಚರ್ಮ. ಅವರಿಗೆ ಶುಕ್ರವಾರವೂ ಇಲ್ಲ, ಶನಿವಾರವೂ ಇಲ್ಲ. ಅಗೆದವರು ತಂದುಕೊಟ್ಟ ಎಲುಬುಗಳನ್ನು ಬ್ರಷ್ಷಿನಿಂದ ಉಜ್ಜಿ, ಇದು ಕುರಿ, ಇದು ಆಡು, ಇದು ಯಾವುದೋ ದೇವರೇ ಬಲ್ಲ ಎಂದು ಮೂರು ಗುಂಪು ಮಾಡುತ್ತ ಕುಳಿತಿರುತ್ತಿದ್ದರು. ನನ್ನನ್ನು ಕಂಡರೆ ಅವರಿಗೆ ಖುಷಿ, ಇಂಗ್ಲಿಷಿನಲ್ಲಿ ಹರಟೆಗೆ ಸಿಗುತ್ತೇನೆಂದು. ಚಿಗವ್ವ ಮೇಜಿನ ಆಚೆ ಬಕೆಟ್ಟು ಬೋರಲು ಹಾಕಿಕೊಂಡು ಕುಳಿತಳು.

ಅಂದು ಮೇಡಂ ಬಟ್ಟೆಯ ಮೇಲೆ ಕಿರುಬೆರಳಿನಷ್ಟು ಉದ್ದದ ಎಲುಬುಗಳನ್ನು ಹರಡಿದ್ದರು. ಎಳೆಯ ಮರಿಯ ಕಾಲಿನವು. ಭೂತಗನ್ನಡಿ ಕೊಟ್ಟು ನೋಡಲು ಹೇಳಿದರು. ಗೊರಸಿನ ಮೇಲಿನ ಗಂಟಿನ ಹತ್ತಿರ ಕೂದಲಿನಷ್ಟು ಸಣ್ಣ ಗೀರುಗಳಿದ್ದವು. ಕಲ್ಲಿನ ಚೂರಿಯ ಗೀರು ಎಂದರು. ಮಾಂಸಕ್ಕಾಗಿ ಕಡಿದದ್ದಲ್ಲ, ಅಲ್ಲಿ ಮಾಂಸವೇ ಇಲ್ಲ, ತೊಗಲು ಎಲ್ಲೂ ಹರಿಯದ ಹಾಗೆ ಇಡಿಯಾಗಿ ಬಿಡಿಸಲು ಅಲ್ಲಿಂದ ಶುರು ಮಾಡುತ್ತಾರೆ ಎಂದರು. ಏನು ಹೇಳುತ್ತಾರೆಂದು ಚಿಗವ್ವ ನನ್ನ ಮುಖ ನೋಡಿದಳು. ಅಪ್ಪ ದೂರದಲ್ಲಿ ಸ್ಟ್ಯಾಂಡಿನ ಹಿಂದೆ ಒಂದು ಕಣ್ಣು ಮುಚ್ಚಿಕೊಂಡು ನಿಂತಿದ್ದ, ಬೇರೆ ದಾರಿಯಿಲ್ಲ. ಆ ವರ್ಷದಲ್ಲಿ ಮೊದಲ ಸಲ ನಾನು ಅವಳಿಗೆ ಕನ್ನಡದಲ್ಲಿ ಹೇಳಿದೆ. ನನ್ನ ಕನ್ನಡ ಅರೆಬೆಂದ ಅನ್ನದಂತಿತ್ತು, ಆದರೂ ಅವಳು ಒಂದೊಂದು ಅಗುಳನ್ನೂ ಹೆಕ್ಕಿಕೊಂಡಳು.

ಅಷ್ಟು ಸಣ್ಣ ಮರಿಯ ತೊಗಲು ಯಾರಿಗೆ ಬೇಕು ಎಂದು ನಾನು ಕೇಳಿದೆ. ಮೇಡಂ ಗೊತ್ತಿಲ್ಲ ಎಂದರು. ಕೂಸಿಗೆ ಹೊದಿಸಿರಬಹುದು, ಚೀಲ ಮಾಡಿರಬಹುದು. ಇಲ್ಲವಾದರೆ, ಎಂದು ಬ್ರಷ್ಷು ಕೆಳಗಿಟ್ಟು, ಈಗಲೂ ಕುರಿ ಸಾಕುವವರು ಮಾಡುವ ಒಂದು ಉಪಾಯವಿದೆ ಎಂದರು. ಒಂದು ಕುರಿಯ ಮರಿ ಸತ್ತಿದೆ, ಇನ್ನೊಂದು ಮರಿಯ ತಾಯಿ ಸತ್ತಿದೆ. ಸತ್ತ ಮರಿಯ ತೊಗಲನ್ನು ತಬ್ಬಲಿ ಮರಿಯ ಬೆನ್ನಿಗೆ ಹೊದಿಸಿ ಆ ಕುರಿಯ ಹತ್ತಿರ ಬಿಡುತ್ತಾರೆ. ಅದು ಮೂಸಿ ನೋಡುತ್ತದೆ, ತನ್ನದೇ ಮರಿ ಎಂದುಕೊಂಡು ಮೊಲೆಗೆ ಬಿಟ್ಟುಕೊಳ್ಳುತ್ತದೆ. ಏಳು ಸಾವಿರ ವರ್ಷದ ಹಿಂದಿನವರೂ ಹಾಗೆ ಮಾಡಿರಬಹುದು, ಮಾಡಿರದೆಯೂ ಇರಬಹುದು ಎಂದರು.

ನಾನು ಇದನ್ನು ಕನ್ನಡಕ್ಕೆ ತಿರುಗಿಸುತ್ತ ಹೋದ ಹಾಗೆ ಚಿಗವ್ವ ಬಕೆಟ್ಟಿನ ಮೇಲೆ ನೆಟ್ಟಗಾದಳು. ಅವಳಿಗೆ ಇದು ಹೊಸದಲ್ಲ, ಅರ್ಧಕ್ಕೇ ತಲೆಯಾಡಿಸತೊಡಗಿದಳು. ಮರಿ ಹಚ್ಚುವುದು ಎನ್ನುತ್ತಾರಂತೆ ಅವರ ಬಿಡಾರದಲ್ಲಿ. ಆದರೆ ಅವಳ ಕೈ ಸುಮ್ಮನಿರದೆ ಸೆರಗಿನ ತುದಿಯನ್ನು ಸುತ್ತುತ್ತಿತ್ತು. ನನಗೆ ಯಾಕೋ ಕೆಟ್ಟ ಪ್ರಶ್ನೆಯೊಂದು ಕೇಳಬೇಕೆನಿಸಿತು. ಮರಿಗೇ ಆ ತಾಯಿ ಬೇಡವಾದರೆ, ಎಂದು ಮೇಡಮ್ಮನ್ನು ಕೇಳಿದೆ. ಅವರು ನಕ್ಕುಬಿಟ್ಟರು. ನಗುತ್ತಲೇ ಏನೋ ಹೇಳಿದರು.

"ಏನಂದ್ರು ಆಕಿ?" ಎಂದಳು ಚಿಗವ್ವ.

"ಮರಿ ಎಂದೂ ಬ್ಯಾಡ ಅನ್ನೂದಿಲ್ಲಂತ," ಎಂದೆ. "ಹಸಿವಾದ್ರ ಯಾರ ಹತ್ರಾನೂ ಹೋಗ್ತದಂತ. ಬ್ಯಾಡ ಅನ್ನೂದು ತಾಯಿನ ಅಂತ."

ಚಿಗವ್ವ ಮೇಜಿನ ಮೇಲಿನ ಆ ಸಣ್ಣ ಎಲುಬುಗಳನ್ನೇ ನೋಡುತ್ತಿದ್ದಳು. ತಗಡಿನ ಮಾಡು ಬಿಸಿಲಿಗೆ ಚಟಪಟ ಎನ್ನುತ್ತಿತ್ತು. "ಹೌದು. ನಾ ಉಲ್ಟಾ ಮಾಡಿದೆ," ಎಂದಳು. ನನಗೆ ಹೇಳಿದ್ದೋ, ಎಲುಬಿಗೆ ಹೇಳಿದ್ದೋ ತಿಳಿಯಲಿಲ್ಲ. ಮೇಡಮ್ಮಿಗೆ ಅದನ್ನು ಇಂಗ್ಲಿಷಿಗೆ ತಿರುಗಿಸಿ ಹೇಳಬೇಕೇ ಎಂದು ಯೋಚಿಸಿದೆ, ಹೇಳಲಿಲ್ಲ.

ವಾಪಸು ಬರುವಾಗ ಅವಳು ಕಾರಿನಲ್ಲಿ ಅಪ್ಪನಿಗೆ ಎಲ್ಲ ಬಿಡಿಸಿ ಹೇಳಿದಳು. ಅವಳು ಅಷ್ಟು ಉದ್ದ ಮಾತಾಡಿದ್ದನ್ನು ನಾನು ಕೇಳಿರಲೇ ಇಲ್ಲ. ತೊಗಲು ಹೊದಿಸಿದ ಮೇಲೆ ತಾಯಿ ಮರಿ ಎರಡನ್ನೂ ಬಲೆ ಕಟ್ಟಿದ ಸಣ್ಣ ಜಾಗದಲ್ಲಿ ಕೂಡಿಹಾಕಬೇಕು, ಬೇರೆ ಯಾರೂ ಹತ್ತಿರ ಸುಳಿಯಬಾರದು. ಮೊದಲು ಕುರಿ ಒದೆಯುತ್ತದೆ, ಹಾಯುತ್ತದೆ. ಆಮೇಲೆ ಬಾಲದ ಹತ್ತಿರ ಮೂಸುತ್ತದೆ. ಅದರ ಹಾಲು ಮರಿಯ ಹೊಟ್ಟೆಗಿಳಿದು ಮೈಗೆ ಹತ್ತಿದ ಮೇಲೆ ಮರಿಗೇ ಆ ತಾಯಿಯ ವಾಸನೆ ಬರುತ್ತದೆ. ಆಗ ತೊಗಲು ತೆಗೆದುಬಿಡಬಹುದು, ಇನ್ನು ಅದು ಬೇಕಾಗುವುದಿಲ್ಲ. ಕೆಲವು ಕುರಿಗಳು ಮಾತ್ರ ಏನು ಮಾಡಿದರೂ ಬಿಟ್ಟುಕೊಳ್ಳುವುದೇ ಇಲ್ಲವಂತೆ. ಹಾಗಾದರೆ ಮರಿ ಏನಾಗುತ್ತದೆ ಎಂದು ಅಪ್ಪ ಕೇಳಿದ. ಅವಳು ಹಿಂದಿನ ಸೀಟಿನ ಕಡೆ ತಿರುಗಿದ ಹಾಗಾಯಿತು. ನಾನು ಹಿಂದಿನ ಸೀಟಿನಲ್ಲಿ ನಿದ್ದೆಯ ನಾಟಕ ಆಡುತ್ತಿದ್ದೆ.

ಆ ನಾಟಕದೊಳಗೇ ನನಗೆ ಒಂದೊಂದಾಗಿ ತಿಳಿಯತೊಡಗಿತು. ಮಮ್ಮಿಯ ಸ್ವೆಟರನ್ನು ಅವಳು ಆಸೆಗೆ ಹಾಕಿಕೊಂಡದ್ದಲ್ಲ. ಅದು ಅವಳ ಲೆಕ್ಕಕ್ಕೆ ತೊಗಲು. ಕುರಿ ಕಾಯ್ದವಳಿಗೆ ಮಾತ್ರ ಹೊಳೆಯುವ ಉಪಾಯ ಅದು, ಕುರಿ ಕಾಯ್ದವಳು ಮಾತ್ರ ಮಾಡುವ ತಪ್ಪು. ಸತ್ತ ತಾಯಿಯ ವಾಸನೆ ಹೊದ್ದುಕೊಂಡು ಮರಿಯನ್ನು ನಂಬಿಸಲು ಹೋಗಿದ್ದಳು. ಆದರೆ ನಂಬಿಸಬೇಕಾದದ್ದು ಮರಿಯನ್ನಲ್ಲ. ಜಡೆ ಹೆಣೆಯುವಾಗ ಆಚೆ ತಿರುಗಿದ ಆ ಮುಖ ನೆನಪಾಯಿತು. ನನ್ನ ತಲೆ ನಾರುತ್ತಿರಲಿಲ್ಲ. ಇನ್ನೊಂದು ಕೂಸಿನ ತಲೆಯ ವಾಸನೆ ಅವಳ ಮೂಗಿಗೆ ಬೀಳಬಾರದಿತ್ತು, ಅಷ್ಟೇ.

ಫೆಬ್ರವರಿಯಲ್ಲಿ ಅಪ್ಪನನ್ನು ಅಬುಧಾಬಿಗೆ ಹಾಕಿದರು. ಖಲೀಫಾ ಸಿಟಿಯಲ್ಲಿ ಹೊಸ ವಿಲ್ಲಾಗಳಿಗೆ ಸೈಟು ಅಳೆಯುವುದಿತ್ತು, ಅಲ್ಲೇ ಕ್ಯಾಂಪಿನಲ್ಲಿದ್ದು ವಾರದ ಕೊನೆಗೆ ಬರುತ್ತಿದ್ದ. ಅವನಿಗೆ ಧೈರ್ಯ ಬಂದದ್ದಲ್ಲ, ಕಂಪನಿ ಕೇಳಲಿಲ್ಲ. ಹೊರಡುವಾಗ ನನ್ನನ್ನು ಬದಿಗೆ ಕರೆದು, ಗುರುವಾರ ಬಂದವನೇ ಶಾಲೆಯ ಆಫೀಸಿಗೆ ಹೋಗಿ ಟಿ.ಸಿ.ಗೆ ಹೇಳಿ ಬರುತ್ತೇನೆ, ಆಮೇಲೆ ತಡವಾಗುತ್ತದೆ ಎಂದ. ಅವನ ಕಣ್ಣು ಕೆಂಪಾಗಿತ್ತು. ನಾನು ಓಕೆ ಎಂದೆ. ಲಿಫ್ಟು ಅವನನ್ನು ಕೆಳಗಿಳಿಸಿಕೊಂಡು ಹೋಯಿತು, ಎಂಟನೆಯ ಮಹಡಿಯ ಆ ಒಂದು ಬೆಡ್‌ರೂಮಿನ ಫ್ಲ್ಯಾಟಿನಲ್ಲಿ ನಾವಿಬ್ಬರೇ ಉಳಿದೆವು. ಬಲೆ ಕಟ್ಟಿದ ಹಾಗಾಯಿತು ಎಂದು ನನಗೆ ಅನಿಸಿತು. ಅವಳಿಗೂ ಅನಿಸಿರಬೇಕು, ಬಾಗಿಲ ಚಿಲಕ ಹಾಕಿ ಒಂದು ಗಳಿಗೆ ಅದನ್ನೇ ನೋಡುತ್ತ ನಿಂತಳು.

ಏನೂ ಆಗಲಿಲ್ಲ. ಅವಳು ಬೇಯಿಸಿದಳು, ನಾನು ತಿಂದೆ. ಅವಳು ಜಡ್ಡುಗಟ್ಟಿದ ಬೆರಳಿನಿಂದ ನನ್ನ ಜಡೆ ಹೆಣೆದಳು, ಮುಖ ಮಾತ್ರ ಬಾಲ್ಕನಿಯ ಕಡೆಗೆ. ಒಂದೆರಡು ಸಲ ನನ್ನ ಕಡೆ ತಿರುಗಲು ನೋಡಿದಳು, ನನಗೆ ಗೊತ್ತಾಗುತ್ತಿತ್ತು, ಕೈ ನಿಧಾನವಾಗುತ್ತಿತ್ತು. ಆಮೇಲೆ ಮತ್ತೆ ಬೇಗಬೇಗ ಹೆಣೆದು ರಿಬ್ಬನ್ನು ಕಟ್ಟಿ ಎದ್ದುಬಿಡುತ್ತಿದ್ದಳು. ಅವಳ ಮೇಲೆ ನನಗೆ ಕನಿಕರ ಬಂತು ಎಂದರೆ ಸುಳ್ಳಾಗುತ್ತದೆ. ನನಗೆ ಸಿಟ್ಟು ಬಂತು. ನಾನೇನು ಅಷ್ಟು ಕೆಟ್ಟ ಮರಿಯೇ ಎನಿಸಿತು.

ಆ ಬುಧವಾರ ಬೆಳಿಗ್ಗೆ ಮಂಜು ಕವಿಯಿತು. ಅಲ್ಲಿ ಚಳಿಗಾಲದ ಕೊನೆಗೆ ಹಾಗೆ ಒಮ್ಮೊಮ್ಮೆ ಸಮುದ್ರದ ಕಡೆಯಿಂದ ಬಂದು ಊರನ್ನೇ ಮುಚ್ಚಿಬಿಡುತ್ತದೆ. ಕಿಟಕಿಯಲ್ಲಿ ಶಾರ್ಜಾ ಇಲ್ಲ, ದುಬೈ ಇಲ್ಲ, ರಸ್ತೆಯೂ ಇಲ್ಲ. ಶಾಲೆಯ ಬಸ್ಸು ಬರಲಿಲ್ಲ. ಯೂನಿಫಾರ್ಮ್ ಹಾಕಿಕೊಂಡೇ ಬಾಲ್ಕನಿಯ ಗಾಜಿಗೆ ಹಣೆ ಒತ್ತಿ ನಿಂತೆ. ಆ ಬಿಳಿಯ ತಳದಲ್ಲಿ ಏನೋ ಚಲಿಸುತ್ತಿತ್ತು. ಕಾರುಗಳ ದೀಪ ಇರಬೇಕು, ಆದರೆ ನನಗೆ ಅದು ಹಿಂಡು. ಸಮುದ್ರದ ದಂಡೆ ಬಿಟ್ಟು ಗುಡ್ಡದ ಕಡೆ ಹೊರಟಿದ್ದರು, ನಮ್ಮ ಬಿಲ್ಡಿಂಗು ಇನ್ನೂ ಇಲ್ಲದ ಜಾಗದಲ್ಲಿ, ನಾನಿನ್ನೂ ಹುಟ್ಟದ ಕಾಲದಲ್ಲಿ. ಎಲ್ಲರ ಹಿಂದೆ ಆ ಮುಖ ಕಾಣದ ಹೆಂಗಸು. ಅವಳ ಕಂಕುಳಲ್ಲಿದ್ದ ಮರಿಯ ಬೆನ್ನಿನ ಮೇಲೆ ಇನ್ನೊಂದು ಮರಿಯ ತೊಗಲಿತ್ತು, ಅಂದು ಅದು ನನಗೆ ಸರಿಯಾಗಿ ಕಂಡಿತು. ಅಡುಗೆಮನೆಯಲ್ಲಿ ಚಿಗವ್ವ ರೊಟ್ಟಿ ತಟ್ಟುತ್ತಿದ್ದಳು, ಪಟಪಟ, ಪಟಪಟ.

ನಾನು ಬೆಡ್‌ರೂಮಿಗೆ ಹೋಗಿ ಮಂಚದ ಕೆಳಗಿನ ಟ್ರಂಕು ಎಳೆದೆ. ಸೀರೆಗಳ ತಳದಿಂದ ಕುಂಚಿಗೆ ತೆಗೆದೆ. ನನ್ನ ತಲೆಗೆ ಅದು ತೀರ ಚಿಕ್ಕದು, ನೆತ್ತಿಯ ಮೇಲೆ ಹೇಗೋ ಕುಳಿತಿತು, ಬೆನ್ನಿನ ಮೇಲೆ ಇಳಿಯಬೇಕಾದ ಬಟ್ಟೆ ಕುತ್ತಿಗೆಗೇ ನಿಂತಿತು. ಗಲ್ಲದ ಕೆಳಗೆ ಕಟ್ಟುವ ದಾರ ಮುಟ್ಟಲಿಲ್ಲ, ಎರಡೂ ತುದಿಯನ್ನು ಕೈಯಲ್ಲಿ ಹಿಡಿದುಕೊಂಡೆ. ಕರ್ಪೂರದ ವಾಸನೆ, ಹಳೆಯ ಹಾಲಿನ ವಾಸನೆ. ಯಾರದೋ ಮಮ್ಮಿಯ ಸ್ವೆಟರನ್ನು ಇನ್ನೊಬ್ಬರು ಹಾಕಿಕೊಂಡರೆ ಹೇಗಾಗುತ್ತದೆ ಎಂದು ನನ್ನಷ್ಟು ಚೆನ್ನಾಗಿ ಬಲ್ಲವರು ಆ ಮನೆಯಲ್ಲಿ ಯಾರಿದ್ದರು? ಆದರೂ ಹೋಗಿ ಅಡುಗೆಮನೆಯ ಬಾಗಿಲಲ್ಲಿ ನಿಂತೆ. ಮರಿ ಇಷ್ಟು ಎತ್ತರ ಇರಬಾರದು ಎನಿಸಿ ಮಂಡಿಯೂರಿ ಕುಳಿತೆ.

ರೊಟ್ಟಿಯ ಸದ್ದು ನಿಂತಿತು. ಅವಳು ತಿರುಗಿ ನೋಡಿದಳು. ಕೂಗುತ್ತಾಳೆ ಎಂದುಕೊಂಡೆ, ಹೊಡೆಯುತ್ತಾಳೆ ಎಂದುಕೊಂಡೆ. ನಾನಾಗಿದ್ದರೆ ಕೂಗುತ್ತಿದ್ದೆ.

"ಮೂಸಿ ನೋಡು," ಎಂದೆ.

ಅವಳು ಹಿಟ್ಟಿನ ಕೈಗಳನ್ನು ಎರಡೂ ಬದಿಗೆ ಎತ್ತಿ ಹಿಡಿದು, ನನಗೆ ತಾಗದ ಹಾಗೆ, ನೆಲಕ್ಕೆ ಕುಳಿತಳು. ಮುಖ ಹತ್ತಿರ ತಂದಳು. ನಿಲ್ಲಿಸಿದಳು. ಮತ್ತೆ ತಂದಳು. ಅವಳ ಮೂಗು ನನ್ನ ನೆತ್ತಿಯ ಮೇಲೆ ಕುಂಚಿಗೆಗೆ ಒತ್ತಿತು, ಒಳಗೆಳೆದ ಉಸಿರು ಅಲ್ಲೇ ನಿಂತುಬಿಟ್ಟಿತು, ಅದು ಹೊರಗೆ ಬರುವುದೇ ಇಲ್ಲವೇನೋ ಎಂದು ನನಗೆ ಹೆದರಿಕೆಯಾಯಿತು. ಒಲೆಯ ಮೇಲೆ ರೊಟ್ಟಿ ಸೀಯತೊಡಗಿತ್ತು. ಆಮೇಲೆ ಅವಳು ಹಲ್ಲಿನಿಂದ ಗೊಂಡೆ ಕಚ್ಚಿ ಕುಂಚಿಗೆಯನ್ನು ನನ್ನ ತಲೆಯಿಂದ ಸರಿಸಿದಳು, ಕೈ ಹಿಟ್ಟಾಗಿತ್ತಲ್ಲ. ಬರಿಯ ಕೂದಲಿಗೆ ಮುಖ ಹುದುಗಿಸಿದಳು. ಕಿವಿಯ ಹಿಂದೆ ಮೂಸಿದಳು, ಕುತ್ತಿಗೆಯಲ್ಲಿ ಮೂಸಿದಳು, ಅವಳ ಕಣ್ಣೀರು ನನ್ನ ಕಾಲರಿನೊಳಗೆ ಇಳಿಯಿತು.

"ಈ ವಾಸನಿ ಆ ಕೂಸಿಂದಲ್ಲ. ಇದು ನಿಂದ," ಎಂದಳು.

ಬಿಟ್ಟುಕೊಳ್ಳುವುದಿಲ್ಲ ಎಂದುಕೊಂಡೆ. ಆದರೆ ಅವಳು ಮುಖ ತೆಗೆಯಲಿಲ್ಲ. ಹಿಟ್ಟಿನ ಕೈಗಳೆರಡೂ ಬಂದು ನನ್ನ ಯೂನಿಫಾರ್ಮಿನ ಬೆನ್ನ ಮೇಲೆ ಕೂತವು. ಹೊಗೆ ತುಂಬಿ ನಾವಿಬ್ಬರೂ ಕೆಮ್ಮುವವರೆಗೆ ಹಾಗೇ ಇದ್ದೆವು. ಸೀದ ರೊಟ್ಟಿಯನ್ನು ಅವಳು ತಿಂದಳು, ಒಳ್ಳೆಯದನ್ನು ನನಗೆ ಕೊಟ್ಟಳು. ಮಂಜು ಕರಗುವವರೆಗೂ ನನ್ನ ಜಡೆ ಬಿಚ್ಚಿ ಹೆಣೆಯುತ್ತ ಕುಳಿತಳು, ಈ ಸಲ ಗಲ್ಲವನ್ನು ನನ್ನ ತಲೆಗೆ ಊರಿಕೊಂಡು. ಅವಳಿಗೆ ತೂಗಾಡುವ ಒಂದು ರಾಗ ಬರುತ್ತಿತ್ತು, ಮಾತಿಲ್ಲದ್ದು, ಮರಿಗಳಿಗೆ ಹಾಡುತ್ತಿದ್ದದ್ದು. ನನಗೆ ಅಲ್ಲೇ ನಿದ್ದೆ ಬಂತು.

ಮಮ್ಮಿಯ ಸ್ವೆಟರನ್ನು ನಾನು ಕೊಡಲಿಲ್ಲ, ಅವಳೂ ಕೇಳಲಿಲ್ಲ. ಅದು ಈಗಲೂ ನನ್ನ ಹತ್ತಿರವೇ ಇದೆ, ರಬ್ಬರ್ ಬ್ಯಾಂಡು ಮಾತ್ರ ಎಷ್ಟೋ ಸಲ ಬದಲಾಗಿದೆ.

ಮರುದಿನ ಗುರುವಾರ ಮಧ್ಯಾಹ್ನ ಅಪ್ಪ ಅಬುಧಾಬಿಯಿಂದ ಬಂದ. ಟಿ.ಸಿ.ಗೆ ಹೇಳಲು ಶಾಲೆಯ ಆಫೀಸು ಮುಚ್ಚುವ ಮೊದಲು ಹೋಗಬೇಕೆಂದು ಚಪ್ಪಲಿ ಕೂಡ ಬಿಡದೆ ನನ್ನನ್ನು ಕರೆದ. ಆಗ ಅವನ ಕಣ್ಣು ಬಾಲ್ಕನಿಯ ಕಡೆ ಹೋಯಿತು. ಬಟ್ಟೆ ಒಣಗಿಸುವ ಹಗ್ಗದ ಮೇಲೆ, ನನ್ನ ಹಿಟ್ಟು ಮೆತ್ತಿದ ಯೂನಿಫಾರ್ಮಿನ ಪಕ್ಕದಲ್ಲಿ, ಒಗೆದು ಹಿಂಡಿದ ಕುಂಚಿಗೆ ನೇತಾಡುತ್ತಿತ್ತು. ಗೊಂಡೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಅದು ಯಾರದ್ದು, ಅವಳು ಅದನ್ನು ಎಂದೂ ನೀರಿಗೆ ಹಾಕಿಲ್ಲ ಎನ್ನುವುದು ಅಪ್ಪನಿಗೆ ಗೊತ್ತಿತ್ತು. ಯಾಕೆ ಒಗೆದೆ ಎಂದು ಮೆಲ್ಲಗೆ ಕೇಳಿದ.

ಚಿಗವ್ವ ಒಳಗಿನಿಂದ ಚಹಾ ತರುತ್ತಿದ್ದಳು. ಬಟ್ಟಲು ಅವನ ಕೈಗೆ ಕೊಟ್ಟಳು.

"ಇನ್ನ ತೊಗಲ ಬೇಕಾಗಿಲ್ರಿ," ಎಂದಳು. "ತಾಯಿ ಮರೀನ ಬಿಟ್ಟುಕೊಂಡಾಳ."

ಅಪ್ಪ ಚಪ್ಪಲಿ ಬಿಟ್ಟು ಒಳಗೆ ಬಂದು ಕುಳಿತ.